ಊರಿನ ಮಠಗಳ ಲೆಕ್ಕ ಕೇಳಿದ ಮನ್ರೋ ಸಾಹೇಬರು

1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಇಂಗ್ಲಿಷರ ಕಂಪನಿಗೆ ಬಿಟ್ಟುಕೊಟ್ಟರು. ಹಾಗೆ ಕೊಟ್ಟದ್ದರಿಂದ ಇವಕ್ಕೆ ‘ದತ್ತ ಮಂಡಲ’ ಎಂಬ ಹೆಸರು. ನಮ್ಮ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಎಲ್ಲ ಇದರೊಳಗೇ. ಇಲ್ಲಿಗೆ ಮುಖ್ಯ ಕಲೆಕ್ಟರ್ ಆಗಿ ಬಂದವರು ಥಾಮಸ್ ಮನ್ರೋ. 1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿ, ಸಿಪಾಯಿ ಕೆಲಸಕ್ಕೆಂದು ಮದರಾಸಿಗೆ ಬಂದಿದ್ದವರು.

ಸಾಹೇಬರು ಬಂಗಲೆಯಲ್ಲಿ ಕೂರಲಿಲ್ಲ. ವರ್ಷಗಟ್ಟಲೆ ಡೇರೆಯಲ್ಲೇ ಇದ್ದು ಊರೂರು ಸುತ್ತಿದರು, ಹೊಲ ಹೊಲವನ್ನೂ ಅಳೆಸಿದರು. ನಡುವೆ ಜಮೀನ್ದಾರನಿಲ್ಲದೆ ರೈತನೇ ಸರ್ಕಾರಕ್ಕೆ ಕಂದಾಯ ಕಟ್ಟುವ ರೈತವಾರಿ ಪದ್ಧತಿ ತಂದರು. ಆದರೆ ಕಂದಾಯ ಮಾತ್ರ ಭಾರವೇ. ಅದು ಅವರಿಗೂ ಗೊತ್ತಿತ್ತು. 1807ರಲ್ಲಿ ಹೊರಡುವಾಗ, ರೂಪಾಯಿಗೆ ನಾಲ್ಕಾಣೆ ಇಳಿಸಿ ಎಂದು ಬರೆದರು. ಮೇಲಿನವರು ಕೇಳಲಿಲ್ಲ, ಊರುಗಳನ್ನೇ ಗುತ್ತಿಗೆಗೆ ಕೊಟ್ಟರು.

1820ರಲ್ಲಿ ಮನ್ರೋ ಮದರಾಸಿನ ಗವರ್ನರ್ ಆದರು. ಎರಡು ವರ್ಷಕ್ಕೆ ಎಲ್ಲ ಕಲೆಕ್ಟರರಿಗೂ ಒಂದು ಪ್ರಶ್ನೆ ಹೋಯಿತು: ನಿಮ್ಮ ಜಿಲ್ಲೆಯಲ್ಲಿ ಶಾಲೆ ಎಷ್ಟು, ಓದುವ ಮಕ್ಕಳೆಷ್ಟು?

ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಕಳಿಸಿದ ಉತ್ತರ ಸೊಗಸಾಗಿದೆ. ಜಿಲ್ಲೆಯಲ್ಲಿ 533 ಶಾಲೆ. ಕನ್ನಡದವು 235, ತೆಲುಗಿನವು 226, ಇಂಗ್ಲಿಷ್ ಕಲಿಸುವುದು ಒಂದೇ ಒಂದು! ಮಕ್ಕಳು 6,641, ಅವರಲ್ಲಿ ಹುಡುಗಿಯರು ಬರೀ 60. ಮೊದಲು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದಬೇಕು. (ಕಪ್ಪು ಬಳಿದ ಬಟ್ಟೆಯನ್ನು ಮಡಿಸಿ ಮಾಡಿದ ಆ ಕಾಲದ ಪುಸ್ತಕಕ್ಕೆ ಕಡತ ಎನ್ನುತ್ತಿದ್ದರು. ಇಂದಿನ ಕಚೇರಿಯ ಕಡತಕ್ಕೂ ಅದೇ ಹೆಸರು.) ಬೆಳಿಗ್ಗೆ ಮೊದಲು ಬಂದವನ ಅಂಗೈಯಲ್ಲಿ ‘ಸರಸ್ವತಿ’ ಎಂದು ಬರೆಯುವರು. ಎರಡನೆಯವನಿಗೆ ಸೊನ್ನೆ. ಮೂರನೆಯವನಿಗೆ ಮೆಲ್ಲಗೆ ಒಂದು ಛಡಿ ಏಟು, ನಾಲ್ಕನೆಯವನಿಗೆ ಎರಡು. ಕೊನೆಗೆ ಬಂದವನ ಗತಿ ನೀವೇ ಎಣಿಸಿ!

ಅದೇ ಪತ್ರದಲ್ಲಿ ಕಹಿಯೂ ಇದೆ. ಹಿಂದೆ ಶಾಲೆ ಇದ್ದ ಎಷ್ಟೋ ಊರುಗಳಲ್ಲಿ ಈಗಿಲ್ಲ; ಸೀಮೆಯ ಜನ ಬಡವಾಗಿದ್ದಾರೆ; ವಿಲಾಯಿತಿ ಬಟ್ಟೆ ಬಂದು ನೇಕಾರರ ಸಂಪಾದನೆ ಕುಗ್ಗಿದೆ; 533ರಲ್ಲಿ ಒಂದು ಶಾಲೆಗೂ ಸರ್ಕಾರದ ನೆರವಿಲ್ಲ, ನಾಚಿಕೆಯಾಗುತ್ತದೆ ಎಂದು ಕಂಪನಿಯ ನೌಕರನೇ ಬರೆದ. ಭಾರದ ಕಂದಾಯವನ್ನು ಮೊದಲು ಗೊತ್ತುಮಾಡಿದ್ದ ಮನ್ರೋ ಇದನ್ನು ಓದಿದಾಗ ಏನೆಂದುಕೊಂಡರೋ!

1826ರಲ್ಲಿ ಅವರು ತಾಲ್ಲೂಕಿಗೊಂದು ಸರ್ಕಾರಿ ಶಾಲೆಯ ಯೋಜನೆ ಹಾಕಿದರು. ಮರುವರ್ಷ ಊರಿಗೆ ಮರಳುವ ಮುನ್ನ ದತ್ತ ಮಂಡಲವನ್ನು ಮತ್ತೊಮ್ಮೆ ನೋಡಿಬರಲು ಹೊರಟರು. ದಾರಿಯಲ್ಲಿ ಕಾಲರಾ ತಗಲಿ, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ತೀರಿಕೊಂಡರು. ಚೆನ್ನೈಯಲ್ಲಿ ಕುದುರೆ ಏರಿ ಕುಳಿತ ಅವರ ದೊಡ್ಡ ಪ್ರತಿಮೆಯಿದೆ. ಹೋದಾಗ ಗಮನಿಸಿ, ಆ ಕುದುರೆಗೆ ಜೀನೂ ಇಲ್ಲ, ಕಾಲಿಡಲು ರಿಕಾಪೂ ಇಲ್ಲ.