ಜಲಜನಕ ಬಂಧವೂ ಅಣುಗಳ ಕಂಪನವೂ

ನೀರಿನ ಅಣುವೊಂದನ್ನು ಅನಿಲಾವಸ್ಥೆಯಲ್ಲಿ ಪರೀಕ್ಷಿಸಿದರೆ, ಅದರ ಆಮ್ಲಜನಕ-ಜಲಜನಕ ಬಂಧದ ಉದ್ದವು ಸುಮಾರು 0.96 ಆಂಗ್‌ಸ್ಟ್ರಾಂ ಎಂದು ತಿಳಿದುಬರುತ್ತದೆ. ಆ ಬಂಧಗಳು ಹಿಗ್ಗಿ ಕುಗ್ಗುವ ಎರಡು ಕಂಪನಗಳ ತರಂಗಸಂಖ್ಯೆಗಳು ಸೆಂಟಿಮೀಟರಿಗೆ 3,657 ಮತ್ತು 3,756. ಅದೇ ಅಣುವು ಮಂಜುಗಡ್ಡೆಯಲ್ಲಿ ಸೇರಿದಾಗ ಬಂಧವು ಸುಮಾರು 1 ಆಂಗ್‌ಸ್ಟ್ರಾಂನಷ್ಟು ನೀಳವಾಗುತ್ತದೆ. ಅವಕೆಂಪು ರೋಹಿತದಲ್ಲಿ ಕಂಪನದ ಪಟ್ಟಿಯು ಅಗಲವಾಗಿ ಹರಡಿ 3,200ರ ಸಮೀಪಕ್ಕಿಳಿಯುತ್ತದೆ. ಈ ಎರಡು ವ್ಯತ್ಯಾಸಗಳಿಗೂ ಜಲಜನಕ ಬಂಧವೇ ಕಾರಣವೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಆಮ್ಲಜನಕವು ಬಂಧದ ಎಲೆಕ್ಟ್ರಾನುಗಳನ್ನು ತನ್ನೆಡೆಗೆ ಸೆಳೆಯುವುದರಿಂದ ಜಲಜನಕವು ಅಲ್ಪ ಧನವಿದ್ಯುದಂಶವನ್ನು ತಳೆಯುತ್ತದೆ. ನೆರೆಯ ಅಣುವಿನ ಆಮ್ಲಜನಕದಲ್ಲಿರುವ ಒಂಟಿ ಎಲೆಕ್ಟ್ರಾನ್ ಜೋಡಿಯು ಅದನ್ನು ಆಕರ್ಷಿಸುತ್ತದೆ. ಆ ಜೋಡಿಯ ಕಿಂಚಿದಂಶವು ಮೂಲಬಂಧದ ಬಂಧವಿರೋಧಿ ಕಕ್ಷಕವನ್ನು ಪ್ರವೇಶಿಸುತ್ತದೆ. ಬಂಧವು ನೀಳವಾಗಿ ದುರ್ಬಲವಾಗುವುದು ಹೀಗೆ. ಬಿಗಿ ಸಡಿಲಿಸಿದ ತಂಬೂರಿಯ ತಂತಿಯ ಶ್ರುತಿ ತಗ್ಗುವಂತೆ ಅದರ ಕಂಪನವೂ ತಗ್ಗುತ್ತದೆ. ಬಾಗುವ ಕಂಪನದ ಸಂಗತಿಯಾದರೋ ಬೇರೆ. ನೆರೆಯ ಅಣುವು ಜಲಜನಕವನ್ನು ಪಕ್ಕಕ್ಕೆ ಓಲಾಡಗೊಡದೆ ಹಿಡಿದಿರುವುದರಿಂದ, ಅನಿಲದಲ್ಲಿ 1,595 ಇದ್ದ ಅದರ ತರಂಗಸಂಖ್ಯೆಯು ದ್ರವದಲ್ಲಿ ಸುಮಾರು 1,640ಕ್ಕೆ ಏರುತ್ತದೆ.

ಈ ಪ್ರಭಾವದ ಪರಮಾವಧಿಯನ್ನು ಬೈಫ್ಲೂರೈಡ್ ಅಯಾನಿನಲ್ಲಿ ಕಾಣುತ್ತೇವೆ. ಹೈಡ್ರೊಜನ್ ಫ್ಲೂರೈಡ್ ಅನಿಲದ ಅಣುವಿನಲ್ಲಿ 0.92 ಆಂಗ್‌ಸ್ಟ್ರಾಂ ಇರುವ ಬಂಧವು ಈ ಅಯಾನಿನಲ್ಲಿ ಸುಮಾರು 1.14ಕ್ಕೆ ಬೆಳೆಯುತ್ತದೆ. ಜಲಜನಕವು ಎರಡು ಫ್ಲೂರೀನುಗಳ ನಟ್ಟನಡುವೆ ನಿಲ್ಲುವುದರಿಂದ, ಮೂಲಬಂಧ ಯಾವುದು, ಜಲಜನಕ ಬಂಧ ಯಾವುದು ಎಂಬ ಭೇದವೇ ಅಳಿಯುತ್ತದೆ.

ಇದರಿಂದ, ಕಂಪನವು ಇಳಿದರೆ ಮಾತ್ರ ಜಲಜನಕ ಬಂಧವುಂಟೆಂದು ವಿದ್ಯಾರ್ಥಿಗಳು ನಿರ್ಣಯಿಸುವ ಸಂಭವವಿದೆ. ಅದು ಸರಿಯಲ್ಲ. ಫ್ಲೂರೋಫಾರಂ ಡೈಮೀಥೈಲ್ ಈಥರಿನೊಡನೆ ಕೂಡಿದಾಗ ಅದರ ಇಂಗಾಲ-ಜಲಜನಕ ಬಂಧವು ಕಿರಿದಾಗಿ, ಕಂಪನವು ಏರುತ್ತದೆ. ಇಂತಹ ದುರ್ಬಲ ಬಂಧಗಳಲ್ಲಿ ಅಣುಗಳು ಸಮೀಪಿಸಿದಾಗ ಹುಟ್ಟುವ ವಿಕರ್ಷಣೆಯೇ ಮೊದಲಾದ ಪ್ರಭಾವಗಳು ಬಂಧವನ್ನು ನೀಳಗೊಳಿಸುವ ಪ್ರಭಾವವನ್ನು ಮೀರಬಲ್ಲವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್ ಅವರ ನೇತೃತ್ವದ ತಂಡವು ರೂಪಿಸಿ, 2011ರಲ್ಲಿ ಶುದ್ಧ ಮತ್ತು ಅನ್ವಿತ ರಸಾಯನವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟವು ಪ್ರಕಟಿಸಿದ ಜಲಜನಕ ಬಂಧದ ವ್ಯಾಖ್ಯೆಯು ಈ ಅಪವಾದಗಳಿಗೂ ಎಡೆಗೊಟ್ಟಿದೆ. ಬಂಧವು ನೀಳವಾಗಿ ಕಂಪನವು ತಗ್ಗುವುದು ‘ಸಾಮಾನ್ಯವಾಗಿ’ ಎಂಬುದು ಅದರ ಅಭಿಪ್ರಾಯ. ಆದ್ದರಿಂದ ರೋಹಿತದ ಸಾಕ್ಷ್ಯವನ್ನು ಬಂಧದ ಉದ್ದ, ಕೋನ, ಶಕ್ತಿಗಳ ಸಾಕ್ಷ್ಯದೊಡನೆ ತೂಗಿ ನೋಡಿಯೇ ನಿರ್ಣಯಕ್ಕೆ ಬರುವುದು ಯುಕ್ತವೆಂದು ನಾವು ಭಾವಿಸುತ್ತೇವೆ.