ಪ್ರೊಸೆಸರ್ ತಣ್ಣಗಿದೆ, ಕಂಪ್ಯೂಟರ್ ಬಸವಳಿದಿದೆ: ದೋಷ ಎಲ್ಲಿ?

ಮದುವೆಯ ವೀಡಿಯೊ ಸಂಕಲಿಸುವ ಸ್ಟುಡಿಯೊಗಳಲ್ಲಿ ಬೇಸಗೆ ಬಂತೆಂದರೆ ಕೇಳಿಬರುವ ದೂರೊಂದಿದೆ. ಕೆಲಸ ಆರಂಭಿಸಿದ ಮೊದಲ ಹತ್ತು ನಿಮಿಷ ಕಂಪ್ಯೂಟರ್ ಸರಾಗವಾಗಿ ಓಡುತ್ತದೆ. ಅನಂತರ ಇದ್ದಕ್ಕಿದ್ದಂತೆ ಮಂದವಾಗುತ್ತದೆ; ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚುರುಕಾಗುತ್ತದೆ; ಪುನಃ ಮಂದ. ಕೆಲವೊಮ್ಮೆ ಯಾವ ಮುನ್ಸೂಚನೆಯೂ ಇಲ್ಲದೆ ಆರಿಹೋಗುತ್ತದೆ. ದುರಸ್ತಿಗೆ ಬಂದವರು ಪ್ರೊಸೆಸರ್‌ನ ಉಷ್ಣಾಂಶ ನೋಡುತ್ತಾರೆ: 65 ಡಿಗ್ರಿ ಸೆಲ್ಸಿಯಸ್, ತಕರಾರಿಲ್ಲ. ವಿಂಡೋಸ್ ಹೊಸದಾಗಿ ಹಾಕುತ್ತಾರೆ, ರ‍್ಯಾಮ್ ಬದಲಿಸುತ್ತಾರೆ, ಹೊಸ ಎಸ್‌ಎಂಪಿಎಸ್ ಬರುತ್ತದೆ. ಕೊನೆಗೆ 'ಬೋರ್ಡೇ ಹೋಗಿದೆ' ಎಂಬ ತೀರ್ಪು. ಅಷ್ಟರಲ್ಲಿ ಮಾಲೀಕರ ಜೇಬಿನಿಂದ ಸಾವಿರಾರು ರೂಪಾಯಿ ಜಾರಿರುತ್ತದೆ.

ಇಂಥ ಅನೇಕ ಪ್ರಕರಣಗಳಲ್ಲಿ ನಿಜವಾದ ದೋಷವಿರುವುದು ಪ್ರೊಸೆಸರ್‌ನ ಪಕ್ಕದಲ್ಲೇ, ಎರಡು ಬೆರಳಿನಷ್ಟು ದೂರದಲ್ಲಿ. ಅಲ್ಲಿ ಸಾಲಾಗಿ ಕುಳಿತಿರುವ ಪುಟ್ಟ ಚೌಕಗಳು, ಕಪ್ಪು ಚಿಪ್ಪುಗಳು ಮತ್ತು ಸಣ್ಣ ಡಬ್ಬಿಗಳಂಥ ಕೆಪಾಸಿಟರ್‌ಗಳ ಗುಂಪಿಗೆ ವೋಲ್ಟೇಜ್ ರೆಗ್ಯುಲೇಟರ್ ಮಾಡ್ಯೂಲ್, ಚಿಕ್ಕದಾಗಿ ವಿಆರ್‌ಎಂ, ಎಂದು ಹೆಸರು. ಪ್ರೊಸೆಸರ್‌ಗೆ ಊಟ ಬಡಿಸುವ ಅಡುಗೆಮನೆ ಅದು. ಅಡುಗೆಮನೆಗೆ ಗಾಳಿ ಬೇಕೆಂಬುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಹನ್ನೆರಡರಿಂದ ಒಂದಕ್ಕೆ

ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಬರುವುದು 12 ವೋಲ್ಟ್ ವಿದ್ಯುತ್. ಪ್ರೊಸೆಸರ್‌ಗೆ ಬೇಕಾದದ್ದು ಹೆಚ್ಚುಕಡಿಮೆ 1.25 ವೋಲ್ಟ್. ಆದರೆ ಅದು ಕೇಳುವ ಪ್ರವಾಹದ ಪ್ರಮಾಣ ದಂಗುಬಡಿಸುವಂಥದು. 100 ವಾಟ್ ಬಳಸುವ ಪ್ರೊಸೆಸರ್ 1.25 ವೋಲ್ಟ್‌ನಲ್ಲಿ ಸೆಳೆಯುವ ಪ್ರವಾಹ 80 ಆಂಪಿಯರ್. ಮನೆಯ ಗೀಸರ್ ಸಹ ಇದರ ಐದನೆಯ ಒಂದು ಪಾಲನ್ನು ಮೀರುವುದು ಅಪರೂಪ.

ಹೆಚ್ಚಾದ ವೋಲ್ಟೇಜನ್ನು ಸುಮ್ಮನೆ ಶಾಖವಾಗಿ ಸುಟ್ಟು ಕಳೆಯಲು ಹೊರಟರೆ 80 ಆಂಪಿಯರ್‌ಗೆ 860 ವಾಟ್‌ನಷ್ಟು ವಿದ್ಯುತ್ ವ್ಯರ್ಥವಾದೀತು; ಅದೊಂದು ಇಸ್ತ್ರಿಪೆಟ್ಟಿಗೆಯ ಶಾಖ. ಆದ್ದರಿಂದ ವಿಆರ್‌ಎಂ ಬೇರೊಂದು ಉಪಾಯ ಮಾಡುತ್ತದೆ. ಮಾಸ್‌ಫೆಟ್ ಎಂಬ ಸ್ವಿಚ್ಚುಗಳು ಸೆಕೆಂಡಿಗೆ ಕೆಲವು ಲಕ್ಷ ಬಾರಿ 12 ವೋಲ್ಟನ್ನು ಕೊಟ್ಟು ಕೊಟ್ಟು ನಿಲ್ಲಿಸುತ್ತವೆ. ಹೀಗೆ ತುಂಡುತುಂಡಾಗಿ ಬರುವ ವಿದ್ಯುತ್ತನ್ನು ಚೋಕ್ ಮತ್ತು ಕೆಪಾಸಿಟರ್‌ಗಳು ಸಮತಟ್ಟು ಮಾಡುತ್ತವೆ. ಹಳೆಯ ಟ್ಯೂಬ್‌ಲೈಟ್ ಪಟ್ಟಿಯಲ್ಲಿದ್ದ ಭಾರದ ಚೋಕ್‌ಗೆ ಈ ಚೋಕ್ ದೂರದ ನೆಂಟ. ಒಂದು ಜೋಡಿ ಮಾಸ್‌ಫೆಟ್, ಒಂದು ಚೋಕ್ ಸೇರಿದರೆ ಒಂದು 'ಫೇಸ್'. ಹೊರೆಯನ್ನು ನಾಲ್ಕು, ಆರು, ಎಂಟು ಫೇಸ್‌ಗಳು ಹಂಚಿಕೊಳ್ಳುತ್ತವೆ.

ಈ ಉಪಾಯ ಜಾಣತನದ್ದಾದರೂ ನೂರಕ್ಕೆ ನೂರು ದಕ್ಷವಲ್ಲ. ದಕ್ಷತೆ ಶೇ 85 ಎಂದಿಟ್ಟುಕೊಂಡರೆ, ಪ್ರೊಸೆಸರ್‌ಗೆ 100 ವಾಟ್ ತಲುಪಿಸುವಾಗ ಸುಮಾರು 17 ವಾಟ್ ವಿಆರ್‌ಎಂನಲ್ಲೇ ಶಾಖವಾಗಿ ಉಳಿಯುತ್ತದೆ. ಹದಿನೇಳು ವಾಟ್ ಎಂಬುದು ಕೇಳಲು ಅಲ್ಪ. ಆದರೆ ಅದು ಹುಟ್ಟುವುದು ಬೆರಳುಗುರಿನಷ್ಟು ಚಿಪ್ಪುಗಳಲ್ಲಿ. ಪ್ರೊಸೆಸರ್‌ಗಾದರೆ ದೊಡ್ಡ ಹೀಟ್‌ಸಿಂಕ್ ಇದೆ, ತಲೆಯ ಮೇಲೆ ಫ್ಯಾನ್ ಇದೆ. ಅಗ್ಗದ ಬೋರ್ಡಿನ ಮಾಸ್‌ಫೆಟ್‌ಗೆ ಏನೂ ಇಲ್ಲ.

ಇಲ್ಲಿ ವಿಷವರ್ತುಲವೊಂದು ಅಡಗಿದೆ. ಮಾಸ್‌ಫೆಟ್ ಬಿಸಿಯಾದಷ್ಟೂ ಅದರ ಒಳರೋಧ ಹೆಚ್ಚುತ್ತದೆ. ರೋಧ ಹೆಚ್ಚಿದರೆ ಅದೇ ಪ್ರವಾಹಕ್ಕೆ ಇನ್ನಷ್ಟು ಶಾಖ ಹುಟ್ಟುತ್ತದೆ. ಒಂದು ಹಂತ ದಾಟಿದಾಗ ವಿಆರ್‌ಎಂನ ನಿಯಂತ್ರಕ ಚಿಪ್ ಪ್ರೊಸೆಸರ್‌ಗೆ ಅಪಾಯದ ಸಂಕೇತ ಕಳುಹಿಸುತ್ತದೆ. ಪ್ರೊಸೆಸರ್ ತಾನು ತಣ್ಣಗಿದ್ದರೂ ವೇಗ ಇಳಿಸಿಕೊಳ್ಳುತ್ತದೆ, 3.5 ಗಿಗಾಹರ್ಟ್ಸ್‌ನಲ್ಲಿ ಓಡುತ್ತಿದ್ದದ್ದು ಒಮ್ಮೊಮ್ಮೆ 800 ಮೆಗಾಹರ್ಟ್ಸ್‌ಗೂ ಕುಸಿಯುತ್ತದೆ. ಹೊರೆ ತಗ್ಗಿ ವಿಆರ್‌ಎಂ ಆರಿದೊಡನೆ ವೇಗ ಮರಳುತ್ತದೆ. ಸ್ಟುಡಿಯೊದವರು ಕಂಡ 'ಮಂದ, ಚುರುಕು, ಪುನಃ ಮಂದ' ಎಂಬ ಆಟದ ಒಳಗುಟ್ಟು ಇದೇ. ಈ ರಕ್ಷಣೆಯಿಲ್ಲದ ಬೋರ್ಡುಗಳು ನೇರವಾಗಿ ಆರಿಹೋಗುತ್ತವೆ, ಇಲ್ಲವೇ ಸುಟ್ಟುಹೋಗುತ್ತವೆ.

ಹಳೆಯ ರೋಗ, ಹೊಸ ವೇಷ

ರೋಗ ಇಂದಿನದಲ್ಲ. 2000ರಲ್ಲಿ ಪೆಂಟಿಯಂ 4 ಬಂದಾಗಲೇ ಪ್ರೊಸೆಸರ್‌ಗೆಂದು ಪ್ರತ್ಯೇಕವಾಗಿ ನಾಲ್ಕು ಪಿನ್ನಿನ 12 ವೋಲ್ಟ್ ತಂತಿ ಕೊಡಬೇಕಾಯಿತು. ಅದೇ ದಶಕದಲ್ಲಿ ಕಳಪೆ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್‌ಗಳು ಉಬ್ಬಿ, ಸೋರಿ ಅಸಂಖ್ಯ ಬೋರ್ಡುಗಳು ಕೆಟ್ಟವು. ಸರಬರಾಜುದಾರರಿಂದ ಬಂದ ದೋಷಪೂರಿತ ಬಿಡಿಭಾಗದಿಂದ ಕೆಟ್ಟ ಆಪ್ಟಿಪ್ಲೆಕ್ಸ್ ಕಂಪ್ಯೂಟರ್‌ಗಳ ದುರಸ್ತಿಗಾಗಿ 2005ರಲ್ಲಿ ಡೆಲ್ ಸಂಸ್ಥೆ 30 ಕೋಟಿ ಡಾಲರ್ ತೆಗೆದಿರಿಸಬೇಕಾಯಿತು. 2013ರಲ್ಲಿ ಎಎಂಡಿ ಹೊರತಂದ ಎಫ್‌ಎಕ್ಸ್-9590 ಪ್ರೊಸೆಸರ್‌ನ ನಿಗದಿತ ಶಾಖದ ಪ್ರಮಾಣವೇ 220 ವಾಟ್. ಸಾಕೆಟ್ ಒಂದೇ ಆಗಿದ್ದರೂ ಅದನ್ನು ತಾಳಬಲ್ಲ ಬೋರ್ಡುಗಳು ಕೆಲವೇ ಆಗಿದ್ದವು.

ದುಬಾರಿ ಬೋರ್ಡುಗಳೂ ಇದಕ್ಕೆ ಹೊರತಲ್ಲ ಎಂಬುದು 2017ರ ಜೂನ್‌ನಲ್ಲಿ ಬಯಲಾಯಿತು. ಇಂಟೆಲ್‌ನ ಎಕ್ಸ್299 ಶ್ರೇಣಿಯ ಬೋರ್ಡುಗಳನ್ನು ಪರೀಕ್ಷಿಸಿದ ಜರ್ಮನಿಯ ಓವರ್‌ಕ್ಲಾಕರ್ ರೋಮನ್ ಹಾರ್ಟುಂಗ್, ವಿಆರ್‌ಎಂ ಮೇಲಿನ ಹೀಟ್‌ಸಿಂಕ್‌ಗಳು ಶಾಖ ಹೊರಹಾಕುವುದಕ್ಕಿಂತ ಅಂದ ಹೆಚ್ಚಿಸಲು ಇಟ್ಟಂತಿವೆ ಎಂದು ವೀಡಿಯೊದಲ್ಲಿ ತೋರಿಸಿದರು. ಗಾಳಿಯಾಡಲು ರೆಕ್ಕೆಗಳೇ ಇಲ್ಲದ ಲೋಹದ ಗಟ್ಟಿ, ಕೆಲವೆಡೆ ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ, ಜೊತೆಗೆ ಬಣ್ಣದ ದೀಪ! ಆ ಗದ್ದಲದ ಬಳಿಕ ಬಂದ ಕೆಲವು ಬೋರ್ಡುಗಳಲ್ಲಿ ರೆಕ್ಕೆಯುಳ್ಳ ಹೀಟ್‌ಸಿಂಕ್ ಮರಳಿತು. ದೀಪಗಳೂ ಉಳಿದವು ಎನ್ನುವುದು ಬೇರೆ ಮಾತು.

ಈಚಿನ ತೊಡಕೆಂದರೆ ಪ್ರೊಸೆಸರ್ ಪೆಟ್ಟಿಗೆಯ ಮೇಲಿನ ಸಂಖ್ಯೆ. ಇಂಟೆಲ್ ಕೋರ್ ಐ7-12700ರ ಮೂಲ ವಿದ್ಯುತ್ ಬಳಕೆ 65 ವಾಟ್. ಟರ್ಬೊ ವೇಗದಲ್ಲಿ ಅದೇ ಪ್ರೊಸೆಸರ್ 180 ವಾಟ್‌ವರೆಗೆ ಸೆಳೆಯಬಹುದು. 65ನ್ನಷ್ಟೇ ನೋಡಿ, ಹೀಟ್‌ಸಿಂಕ್ ಇಲ್ಲದ ಅಗ್ಗದ ಬೋರ್ಡಿಗೆ ಅದನ್ನು ಜೋಡಿಸಿಕೊಡುವವರು ಇದ್ದಾರೆ. ಪ್ರೊಸೆಸರ್‌ಗೆ ಸುರಿದ ಹಣದ ಅರ್ಧದಷ್ಟು ಫಲವೂ ಅಲ್ಲಿ ಸಿಗುವುದಿಲ್ಲ.

ರಾಯಚೂರಿನ ಬೇಸಗೆ, ಬೆಂಗಳೂರಿನ ಮೇಜು

ಬಿಡಿಭಾಗದ ಉಷ್ಣಾಂಶವೆಂದರೆ ಸುತ್ತಲಿನ ಗಾಳಿಯ ಉಷ್ಣಾಂಶದ ಮೇಲೆ ಕೂಡಿಸಿದ ಮೊತ್ತ. ಕ್ಯಾಬಿನೆಟ್ ಒಳಗಿನ ಗಾಳಿಗಿಂತ ವಿಆರ್‌ಎಂ 60 ಡಿಗ್ರಿ ಹೆಚ್ಚು ಕಾಯುತ್ತದೆ ಎಂದು ಭಾವಿಸೋಣ. ಬೆಂಗಳೂರಿನ ಕೋಣೆಯಲ್ಲಿ 27 ಡಿಗ್ರಿ ಇದ್ದು ಕ್ಯಾಬಿನೆಟ್ ಒಳಗೆ 37 ಆದರೆ, ವಿಆರ್‌ಎಂ 97 ಮುಟ್ಟುತ್ತದೆ. ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಕೋಣೆಯೇ 40 ಡಿಗ್ರಿ ಇದ್ದಾಗ ಅದೇ ಯಂತ್ರದ ವಿಆರ್‌ಎಂ 110 ಡಿಗ್ರಿ! ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಜೋಡಿಸಿದಾಗ ಸರಿಯಿದ್ದ ಕಂಪ್ಯೂಟರ್ ಊರಿಗೆ ಹೋದ ಮೇಲೆ ಕೈಕೊಡುವುದಕ್ಕೆ ಅಂಗಡಿಯವರ ಮೋಸವೇ ಕಾರಣವಾಗಬೇಕಿಲ್ಲ.

ಮಾಸ್‌ಫೆಟ್‌ನ ತಯಾರಕರು ಸಾಮಾನ್ಯವಾಗಿ ಚಿಪ್ಪಿನ ಒಳಭಾಗಕ್ಕೆ 150 ಡಿಗ್ರಿಯವರೆಗೆ ಮಿತಿ ಕೊಟ್ಟಿರುತ್ತಾರೆ. ಹಾಗೆಂದು 110 ಡಿಗ್ರಿಯನ್ನು ನಿರ್ಲಕ್ಷಿಸಲಾಗದು. ಹೊರಗಿನಿಂದ ಅಳೆದದ್ದಕ್ಕಿಂತ ಒಳಗಿನ ಬಿಸಿ ಹೆಚ್ಚಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಪಕ್ಕದಲ್ಲಿರುವ ಕೆಪಾಸಿಟರ್‌ಗಳು ಅಷ್ಟು ಗಟ್ಟಿಗರಲ್ಲ. ದ್ರವ ತುಂಬಿದ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್‌ನ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. 105 ಡಿಗ್ರಿಯಲ್ಲಿ 2000 ಗಂಟೆ ಬಾಳುವಂಥದು 85 ಡಿಗ್ರಿಯಲ್ಲಿ 8000 ಗಂಟೆ, 65 ಡಿಗ್ರಿಯಲ್ಲಿ 32,000 ಗಂಟೆ ಬಾಳುತ್ತದೆ. ದಿನಕ್ಕೆ ಹತ್ತು ಗಂಟೆ ನಡೆಯುವ ಅಂಗಡಿಯ ಕಂಪ್ಯೂಟರ್‌ಗೆ ಇದು ಎರಡು ವರ್ಷಕ್ಕೂ ಎಂಟು ವರ್ಷಕ್ಕೂ ಇರುವ ಅಂತರ. ಇಂದಿನ ಬೋರ್ಡುಗಳಲ್ಲಿ ಪ್ರೊಸೆಸರ್‌ನ ಸುತ್ತ ಬಳಸುವ ಘನ ಪಾಲಿಮರ್ ಕೆಪಾಸಿಟರ್‌ಗಳು ಇದಕ್ಕಿಂತ ಬಹಳ ತಾಳಿಕೆಯವು. ಆದರೆ ಕಚೇರಿಗಳಿಂದ ಹೊರಬಿದ್ದು ಎರಡನೆಯ ಕೈಗೆ ಬರುವ ಹಳೆಯ ಯಂತ್ರಗಳಲ್ಲಿ ದ್ರವದವೂ ಇನ್ನೂ ಸಿಗುತ್ತವೆ.

ಹವೆಯ ಜೊತೆಗೆ ಮೇಜಿನ ಪಾಲೂ ಇದೆ. ಕಂಪ್ಯೂಟರ್ ಟೇಬಲ್‌ನ ಕೆಳಗಿನ ಬಾಗಿಲುಳ್ಳ ಗೂಡಿನಲ್ಲಿ ಕ್ಯಾಬಿನೆಟ್ ತಳ್ಳಿ, ಪಕ್ಕಕ್ಕೆ ಯುಪಿಎಸ್ ಇಟ್ಟು, ಬಾಗಿಲು ಮುಚ್ಚುವುದು ನಮ್ಮಲ್ಲಿ ವಾಡಿಕೆ. ದೂಳು ಬೀಳದಿರಲೆಂಬ ಸದುದ್ದೇಶ ನಿಜ. ಹೊರಬಂದ ಬಿಸಿಗಾಳಿಯೇ ಮತ್ತೆ ಒಳಹೋಗುತ್ತದೆ ಎಂಬುದೂ ಅಷ್ಟೇ ನಿಜ. ಕ್ಯಾಬಿನೆಟ್ಟನ್ನು ಗೂಡಿನಿಂದ ಹೊರಗಿಟ್ಟು ಎರಡು ದಿನ ನೋಡುವುದಕ್ಕೆ ಒಂದು ಪೈಸೆ ಖರ್ಚಿಲ್ಲ. ತೊಂದರೆ ತಗ್ಗಿದರೆ ರೋಗದ ಸುಳಿವು ಸಿಕ್ಕಂತೆ.

ಪತ್ತೆ ಹಚ್ಚುವ ಬಗೆ

ಎಚ್‌ಡಬ್ಲ್ಯೂಇನ್ಫೊದಂಥ ಉಚಿತ ತಂತ್ರಾಂಶ ಪ್ರೊಸೆಸರ್‌ನ ವೇಗ, ಉಷ್ಣಾಂಶಗಳ ಜೊತೆಗೆ, ಬೋರ್ಡಿನಲ್ಲಿ ಸಂವೇದಕವಿದ್ದರೆ, ವಿಆರ್‌ಎಂ ಉಷ್ಣಾಂಶವನ್ನೂ ತೋರಿಸುತ್ತದೆ. ಭಾರವಾದ ಕೆಲಸ ನಡೆಯುತ್ತಿರುವಾಗ ಅದು 80ರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. 100 ದಾಟಿದರೆ ಕ್ರಮ ಕೈಗೊಳ್ಳಬೇಕು. ಬಹಳಷ್ಟು ಅಗ್ಗದ ಬೋರ್ಡುಗಳಲ್ಲಿ ಆ ಸಂವೇದಕವೇ ಇರುವುದಿಲ್ಲ. ಆಗ ಗಮನಿಸಬೇಕಾದ ಲಕ್ಷಣ ಒಂದೇ: ಪ್ರೊಸೆಸರ್ ತಣ್ಣಗಿದ್ದರೂ ವೇಗ ಮಾತ್ರ ಹಠಾತ್ತನೆ ಕುಸಿಯುತ್ತಿದೆಯೇ ಎಂಬುದು. ಕ್ಯಾಬಿನೆಟ್‌ನ ಪಕ್ಕದ ಹಲಗೆ ತೆಗೆದು, ಸಾಧಾರಣ ಟೇಬಲ್ ಫ್ಯಾನಿನ ಗಾಳಿಯನ್ನು ನೇರವಾಗಿ ಬೋರ್ಡಿನ ಮೇಲೆ ಬಿಟ್ಟು ಅದೇ ಕೆಲಸ ಮತ್ತೆ ಮಾಡಿಸಿದಾಗ ಕುಸಿತ ನಿಂತರೆ ಅನುಮಾನ ವಿಆರ್‌ಎಂನತ್ತ ಗಟ್ಟಿಯಾಗಿ ತಿರುಗುತ್ತದೆ. ಯಾವ ಮೀಟರ್‌ಗಿಂತಲೂ ಈ ಪರೀಕ್ಷೆ ಸುಲಭ.

ಕೋವಿಡ್ ಕಾಲದಲ್ಲಿ ಕೊಂಡ, ಹಣೆಗೆ ಹಿಡಿಯುವ ಥರ್ಮಾಮೀಟರ್ ಇಲ್ಲಿ ನೆರವಾಗದು. ಅಂಥವುಗಳಲ್ಲಿ ಹೆಚ್ಚಿನವು ಮನುಷ್ಯದೇಹದ ಉಷ್ಣಾಂಶದ ಆಚೆಗೆ ಅಳೆಯುವುದಿಲ್ಲ. ಬೆರಳಿಟ್ಟು ನೋಡುವ ಸಾಹಸವೂ ಸಲ್ಲದು, ಚರ್ಮ ಸುಡುತ್ತದೆ.

ಔಷಧ: ಗಾಳಿ

ಮಾಸ್‌ಫೆಟ್‌ನ ಶಾಖದ ಬಹುಪಾಲು ಅದರ ತಳದಿಂದ ಬೋರ್ಡಿನ ತಾಮ್ರದ ಪದರಗಳಿಗೆ ಇಳಿಯುತ್ತದೆ. ಹಾಗಾಗಿ ಬೋರ್ಡಿನ ಮೇಲೆ ಗಾಳಿ ಹಾಯಿಸುವುದೇ ಮೊದಲ ಚಿಕಿತ್ಸೆ. ಕೆಲವು ನೂರು ರೂಪಾಯಿಯ ಒಂದು ಫ್ಯಾನನ್ನು ಪ್ರೊಸೆಸರ್‌ನ ಮೇಲ್ಭಾಗದಲ್ಲೋ ಹಿಂಬದಿಯಲ್ಲೋ ಅಳವಡಿಸಿದರೆ ವಿಆರ್‌ಎಂ ಹತ್ತಾರು ಡಿಗ್ರಿ ಇಳಿಯಬಹುದು. ಇಲ್ಲಿಯೇ ಒಂದು ವಿಪರ್ಯಾಸವನ್ನು ಗಮನಿಸಬೇಕು. ಪ್ರೊಸೆಸರ್ ಜೊತೆ ಉಚಿತವಾಗಿ ಬರುವ ಚಪ್ಪಟೆ ಫ್ಯಾನ್ ಗಾಳಿಯನ್ನು ಕೆಳಮುಖವಾಗಿ ಊದುವುದರಿಂದ ಸುತ್ತಲಿನ ಮಾಸ್‌ಫೆಟ್‌ಗಳಿಗೂ ಗಾಳಿ ತಾಗುತ್ತದೆ. ಅದನ್ನು ಕಿತ್ತು ದುಬಾರಿ ಲಿಕ್ವಿಡ್ ಕೂಲರ್ ಹಾಕಿದಾಗ ಪ್ರೊಸೆಸರ್ ತಣ್ಣಗಾಗುತ್ತದೆ, ವಿಆರ್‌ಎಂಗೆ ಸಿಗುತ್ತಿದ್ದ ಗಾಳಿ ನಿಂತುಹೋಗುತ್ತದೆ. ತಂಪಿಗೆಂದು ಹಣ ತೆತ್ತ ಮೇಲೆ ಕಂಪ್ಯೂಟರ್ ಮಂದವಾಯಿತೆಂದು ಗೊಣಗುವವರು ಸುಳ್ಳು ಹೇಳುತ್ತಿಲ್ಲ.

ಅಂಟಿಸುವ ಪುಟ್ಟ ಅಲ್ಯೂಮಿನಿಯಂ ಹೀಟ್‌ಸಿಂಕ್‌ಗಳೂ ಮಾರುಕಟ್ಟೆಯಲ್ಲಿವೆ. ಅವು ಉಪಯುಕ್ತವೇ, ಆದರೆ ಗಾಳಿಯ ಜೊತೆಗೆ ಮಾತ್ರ. ಅಂಟಿಸುವ ಮುನ್ನ ವಿದ್ಯುತ್ ಪ್ಲಗ್ ಕಿತ್ತು, ಚಿಪ್ಪಿನ ಮೇಲ್ಮೈಯನ್ನು ಸ್ಪಿರಿಟ್‌ನಿಂದ ಒರೆಸಿ, ಲೋಹವು ಅಕ್ಕಪಕ್ಕದ ಬಿಡಿಭಾಗಗಳ ಕಾಲುಗಳಿಗೆ ತಾಗದಂತೆ ನೋಡಿಕೊಳ್ಳಬೇಕು. ಕಳಪೆ ಅಂಟು ಬಿಸಿಗೆ ಸಡಿಲಿ ಹೀಟ್‌ಸಿಂಕ್ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬಿದ್ದರೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಬೋರ್ಡ್ ವಾರಂಟಿಯಲ್ಲಿದ್ದರೆ ಅಂಟಿಸುವ ಗೋಜಿಗೆ ಹೋಗದೆ ಫ್ಯಾನಿಗಷ್ಟೇ ಸೀಮಿತವಾಗುವುದು ಲೇಸು.

ಎರಡನೆಯ ದಾರಿ ಹೊರೆಯನ್ನೇ ಇಳಿಸುವುದು. ಬಯೋಸ್‌ನಲ್ಲಿ ಪ್ರೊಸೆಸರ್‌ನ ವಿದ್ಯುತ್ ಮಿತಿಯನ್ನು ತಗ್ಗಿಸಬಹುದು. ಎಎಂಡಿ ರೈಜನ್ ಪ್ರೊಸೆಸರ್‌ಗಳಲ್ಲಿ 'ಇಕೊ ಮೋಡ್' ಎಂಬ ಆಯ್ಕೆಯೇ ಇದೆ; 105 ವಾಟ್ ವರ್ಗದ ಎಎಂ4 ಪ್ರೊಸೆಸರ್ ಗರಿಷ್ಠ 142 ವಾಟ್ ಸೆಳೆಯುವ ಬದಲು 88ಕ್ಕೆ ನಿಲ್ಲುತ್ತದೆ. ದಿನನಿತ್ಯದ ಕೆಲಸದಲ್ಲಿ ವ್ಯತ್ಯಾಸ ಗೊತ್ತಾಗುವುದೇ ಕಷ್ಟ. ಬೋರ್ಡ್ ಅವಕಾಶ ಕೊಟ್ಟರೆ ವೋಲ್ಟೇಜನ್ನು 1.25ರಿಂದ 1.20ಕ್ಕೆ ಇಳಿಸಿದರೂ ಶೇ 8ರಷ್ಟು ಉಳಿತಾಯವಿದೆ, ಏಕೆಂದರೆ ಬಳಕೆಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾದದ್ದು. ಮಿತಿಯಿಲ್ಲದ ಟರ್ಬೊದಲ್ಲಿ ಹತ್ತು ನಿಮಿಷ ಓಡಿ ಕುಸಿಯುವ ಯಂತ್ರಕ್ಕಿಂತ, ತುಸು ನಿಧಾನವಾಗಿ ಇಡೀ ದಿನ ಒಂದೇ ವೇಗದಲ್ಲಿ ನಡೆಯುವ ಯಂತ್ರ ಕೆಲಸವನ್ನು ಬೇಗ ಮುಗಿಸುತ್ತದೆ.

ಹೊಸ ಬೋರ್ಡ್ ಕೊಳ್ಳುವವರು ಚೋಕ್‌ಗಳನ್ನು ಎಣಿಸಿ ಫೇಸ್‌ಗಳ ಲೆಕ್ಕ ಹಾಕುವುದುಂಟು. ಈ ಎಣಿಕೆ ಪೂರ್ತಿ ನಂಬುವಂಥದಲ್ಲ. ಒಂದೇ ಫೇಸ್‌ಗೆ ಎರಡು ಚೋಕ್ ಜೋಡಿಸಿ ನಾಲ್ಕನ್ನು ಎಂಟೆಂದು ತೋರಿಸುವ ಜಾಣತನ ಈ ವ್ಯಾಪಾರದಲ್ಲಿ ಹೊಸದಲ್ಲ. ವಿಆರ್‌ಎಂ ಮೇಲೆ ರೆಕ್ಕೆಯುಳ್ಳ, ಸ್ಕ್ರೂ ಬಿಗಿದ ಹೀಟ್‌ಸಿಂಕ್ ಇದೆಯೇ, ತಯಾರಕರ ಜಾಲತಾಣದ ಪಟ್ಟಿಯಲ್ಲಿ ಕೊಳ್ಳಲಿರುವ ಪ್ರೊಸೆಸರ್‌ನ ಹೆಸರಿದೆಯೇ ಎಂದು ನೋಡುವುದು ಹೆಚ್ಚು ಪ್ರಯೋಜನಕಾರಿ. ಹಳೆಯ ಬೋರ್ಡ್ ಕೊಳ್ಳುವಾಗ ಕೆಪಾಸಿಟರ್‌ಗಳ ನೆತ್ತಿ ಉಬ್ಬಿದೆಯೇ, ಮಾಸ್‌ಫೆಟ್ ಸುತ್ತ ಹಲಗೆ ಕಂದುಗಟ್ಟಿದೆಯೇ ಎಂದು ಬೆಳಕಿನಲ್ಲಿ ಹಿಡಿದು ಪರಿಶೀಲಿಸಬೇಕು.

ಉಬ್ಬಿದ ಕೆಪಾಸಿಟರನ್ನು ಕೈಪಳಗಿದ ದುರಸ್ತಿಗಾರರು ಸುಲಭವಾಗಿ ಬದಲಿಸಬಲ್ಲರು. ಮಾಸ್‌ಫೆಟ್ ಸುಟ್ಟರೆ ಮಾತ್ರ ಕಷ್ಟ. ಪವರ್ ಬಟನ್ ಒತ್ತಿದಾಗ ಫ್ಯಾನ್ ಒಮ್ಮೆ ಅಲುಗಿ ನಿಲ್ಲುವುದು, ಪ್ರೊಸೆಸರ್‌ನ 12 ವೋಲ್ಟ್ ತಂತಿ ಕಿತ್ತರೆ ಮಾತ್ರ ತಿರುಗುವುದು ಅದರ ಸಾಮಾನ್ಯ ಲಕ್ಷಣ. ಅಂಥ ಬೋರ್ಡಿಗೆ ಬೇರೆ ಒಳ್ಳೆಯ ಪ್ರೊಸೆಸರ್ ಹಾಕಿ ಪರೀಕ್ಷಿಸುವ ದುಡುಕು ಬೇಡ. ಶಾರ್ಟ್ ಆದ ಮಾಸ್‌ಫೆಟ್ 12 ವೋಲ್ಟನ್ನು ನೇರವಾಗಿ ಹರಿಯಬಿಟ್ಟು ಅದನ್ನೂ ಸುಟ್ಟೀತು.