ರಾಜೀನಾಮೆಯಲ್ಲಿ ‘ವೈಯಕ್ತಿಕ ಕಾರಣ’ ಎಂದು ಬರೆಯುವ ಮುನ್ನ

ಕಚೇರಿಯಲ್ಲಿ ಲೈಂಗಿಕ ಕಿರುಕುಳ ತಾಳಲಾರದೆ ಕೆಲಸ ಬಿಡುವ ಎಷ್ಟೋ ಹೆಣ್ಣುಮಕ್ಕಳು ರಾಜೀನಾಮೆಯಲ್ಲಿ ‘ವೈಯಕ್ತಿಕ ಕಾರಣಗಳಿಂದ’ ಎಂದಷ್ಟೇ ಬರೆಯುತ್ತಾರೆ. ರಿಲೀವಿಂಗ್ ಲೆಟರ್ ಕೈಗೆ ಬಂದರೆ ಸಾಕು, ಮತ್ತೆ ಆ ಮೆಟ್ಟಿಲು ಹತ್ತುವುದು ಬೇಡ ಎನ್ನುವ ಅವಸರ ಸಹಜವೇ. ಆದರೆ ಮುಂದೆ ನ್ಯಾಯ ಕೇಳಲು ಹೊರಟರೆ ಸಂಸ್ಥೆ ಮೊದಲು ತೆಗೆದು ತೋರಿಸುವುದು ಅದೇ ಕಾಗದವನ್ನು: ‘ನೋಡಿ, ಅವರೇ ಇಷ್ಟಪಟ್ಟು ಬಿಟ್ಟಿದ್ದಾರೆ.’

ಕೆಲಸ ಬಿಟ್ಟ ಮೇಲೆ ದೂರು ಕೊಡಲು ಬರುವುದಿಲ್ಲ ಎಂಬ ಮಾತು ಕಚೇರಿಗಳಲ್ಲಿ ಓಡಾಡುತ್ತದೆ. ಅದು ಸುಳ್ಳು. ಪಾಶ್ ಕಾಯ್ದೆ ಎಂದು ಎಲ್ಲರೂ ಕರೆಯುವ 2013ರ ಕಾನೂನು, ನೊಂದ ಮಹಿಳೆ ಉದ್ಯೋಗದಲ್ಲಿರಲಿ ಇಲ್ಲದಿರಲಿ ಆಕೆಗೆ ದೂರಿನ ಹಕ್ಕು ಕೊಟ್ಟಿದೆ. ಗುತ್ತಿಗೆ ನೌಕರರು, ತರಬೇತಿಯಲ್ಲಿರುವವರು, ದಿನಗೂಲಿಯವರು ಎಲ್ಲರೂ ಇದರೊಳಗೆ ಬರುತ್ತಾರೆ. ಗಮನಿಸಬೇಕಾದದ್ದು ಗಡುವು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಕಿರುಕುಳ ಮತ್ತೆ ಮತ್ತೆ ನಡೆದಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ದೂರು ವಿಚಾರಿಸುವ ಸಮಿತಿ ಅದನ್ನು ದಾಖಲಿಸಿ ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು. ಎಣಿಕೆ ಶುರುವಾಗುವುದು ಘಟನೆಯ ದಿನದಿಂದ, ರಾಜೀನಾಮೆಯ ದಿನದಿಂದಲ್ಲ. ನೋಟಿಸ್ ಪೀರಿಯಡ್ ಮುಗಿಯಲಿ, ಆಮೇಲೆ ನೋಡೋಣ ಎಂದು ಕೂತವರ ಕೈಯಿಂದ ಸಮಯ ಜಾರುವುದು ಇಲ್ಲಿಯೇ.

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಜಾಗದಲ್ಲಿ ಆಂತರಿಕ ಸಮಿತಿ ಇರಲೇಬೇಕು. ಹಿರಿಯ ಹುದ್ದೆಯ ಮಹಿಳೆಯೇ ಅದರ ಮುಖ್ಯಸ್ಥೆ, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಒಬ್ಬರು ಹೊರಗಿನವರು. ಕೆಲಸದ ನಿಯಮಗಳನ್ನು ಲಿಖಿತವಾಗಿ ನಿಗದಿಪಡಿಸುತ್ತಿದ್ದ ಹಿಂದಿನ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಬೆಂಗಳೂರಿನ ಐಟಿ ಕಂಪನಿಗಳಿಗೆ ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟಾಗಲೂ ಈ ಸಮಿತಿ ಇರಬೇಕೆಂದು ಷರತ್ತು ಹಾಕಿತ್ತು. ಸಣ್ಣ ಅಂಗಡಿ, ಕ್ಲಿನಿಕ್ಕು, ಮನೆಗೆಲಸ ಆದರೆ, ಅಥವಾ ದೂರು ಮಾಲೀಕನ ಮೇಲೆಯೇ ಆಗಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಬರೆಯಲು ಬಾರದಿದ್ದರೆ ಬರೆದುಕೊಳ್ಳಲು ನೆರವಾಗುವುದು ಸಮಿತಿಯ ಕೆಲಸ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು.

ಸಾಧ್ಯವಿದ್ದರೆ ಮೊದಲು ದೂರು, ಆಮೇಲೆ ರಾಜೀನಾಮೆ ಎನ್ನುವುದು ನನ್ನ ಸಲಹೆ. ಕಾರಣ ಕಾಯ್ದೆಯ 12ನೇ ಸೆಕ್ಷನ್. ವಿಚಾರಣೆ ನಡೆಯುವಾಗ ನೊಂದ ಮಹಿಳೆ ಕೇಳಿಕೊಂಡರೆ ಆರೋಪಿಯನ್ನೋ ಆಕೆಯನ್ನೋ ಬೇರೆಡೆಗೆ ವರ್ಗಾಯಿಸಲು, ಆಕೆಗೆ ಮೂರು ತಿಂಗಳವರೆಗೆ ರಜೆ ಕೊಡಲು ಸಮಿತಿ ಶಿಫಾರಸು ಮಾಡಬಹುದು. ಈ ರಜೆ ಆಕೆಯ ಮಾಮೂಲಿ ರಜೆಯಿಂದ ಕಳೆಯುವುದಲ್ಲ, ಅದರ ಮೇಲೆ ಸಿಗುವುದು. ಆಕೆಯ ಕೆಲಸದ ಮೌಲ್ಯಮಾಪನ ಆತ ಬರೆಯದಂತೆ ತಡೆಯಬಹುದು. ಶಿಫಾರಸು ಬಂದ ಮೇಲೆ ಮಾಲೀಕರು ಜಾರಿ ಮಾಡಲೇಬೇಕು. ಕೆಲಸ ಬಿಡಬೇಕೋ ಬೇಡವೋ ಎಂಬುದನ್ನು ದಿನವೂ ಆತನ ಮುಖ ನೋಡದೆ ಯೋಚಿಸಲು ಇದರಿಂದ ಅವಕಾಶವಾಗುತ್ತದೆ.

ಅಷ್ಟು ಕಾಯುವ ತ್ರಾಣ ಇಲ್ಲದಿದ್ದರೆ ಬಿಟ್ಟುಬಿಡಿ, ಆದರೆ ಪತ್ರದಲ್ಲಿ ನಿಜ ಬರೆಯಿರಿ. ಉದ್ದ ಬೇಡ: ಇಂಥ ದಿನ ಇಂಥವರಿಗೆ ತಿಳಿಸಿದ್ದೆ, ಕ್ರಮವಾಗಲಿಲ್ಲ, ಇಲ್ಲಿ ಮುಂದುವರಿಯಲಾಗದೆ ಹೊರಡುತ್ತಿದ್ದೇನೆ, ಕಾಯ್ದೆಯಡಿ ದೂರು ಕೊಡುವ ಹಕ್ಕು ಉಳಿಸಿಕೊಂಡಿದ್ದೇನೆ. ಘಟನೆಯ ವಿವರಗಳಿಗೆ ದೂರು ಪತ್ರವೇ ಜಾಗ. ಈಗಾಗಲೇ ‘ವೈಯಕ್ತಿಕ’ ಎಂದು ಬರೆದಾಗಿದ್ದರೂ ಬಾಗಿಲು ಮುಚ್ಚಿಲ್ಲ. ಯಾಕೆ ಹಾಗೆ ಬರೆದೆ ಎಂದು ದೂರಿನಲ್ಲಿ ವಿವರಿಸಬಹುದು.

ರಾಜೀನಾಮೆಯ ಹಿಂದಿನ ಒತ್ತಡವನ್ನು ನ್ಯಾಯಾಲಯಗಳು ನೋಡುತ್ತವೆ. ಮಧ್ಯಪ್ರದೇಶದ ನ್ಯಾಯಾಧೀಶೆಯೊಬ್ಬರು ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರ ಮೇಲೆ ಕಿರುಕುಳದ ಆರೋಪ ಹೊರಿಸಿದ್ದರು. ಮಗಳ ಹನ್ನೆರಡನೇ ತರಗತಿಯ ಓದಿನ ನಡುವೆಯೇ ಅವರಿಗೆ ಗ್ವಾಲಿಯರ್‌ನಿಂದ ಸಿಧಿಗೆ ವರ್ಗವಾಯಿತು. ಕೊಟ್ಟ ಮನವಿಗಳು ತಿರಸ್ಕೃತವಾದಾಗ 2014ರ ಜುಲೈನಲ್ಲಿ ರಾಜೀನಾಮೆ ಕೊಟ್ಟರು. ಕಿರುಕುಳದ ಆರೋಪ ವಿಚಾರಣೆಯಲ್ಲಿ ಸಾಬೀತಾಗಲಿಲ್ಲ. ಆದರೂ ಆ ರಾಜೀನಾಮೆ ಸ್ವಇಚ್ಛೆಯದ್ದಲ್ಲ ಎಂದು 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿ ಅವರನ್ನು ಸೇವೆಗೆ ಮರಳಿಸಿತು. ಹಿಂದಿನ ಸಂಬಳ ಸಿಗಲಿಲ್ಲ, ಸೇವೆಯ ನಿರಂತರತೆ ಸಿಕ್ಕಿತು. ಅವರ ಲಿಖಿತ ಮನವಿಗಳು ದಾಖಲೆಯಲ್ಲಿದ್ದದ್ದು ಇಲ್ಲಿ ನೆರವಿಗೆ ಬಂತು. ಖಾಸಗಿ ಕಂಪನಿಯವರಿಗೆ ಇಂಥ ಮರುನೇಮಕ ಸುಲಭವಲ್ಲ. ಕಾರ್ಮಿಕ ವರ್ಗದವರಿಗೆ ಕಾರ್ಮಿಕ ಇಲಾಖೆಯ ದಾರಿಯುಂಟು. ಮ್ಯಾನೇಜರ್ ದರ್ಜೆಯವರಿಗೆ ಸಾಮಾನ್ಯವಾಗಿ ಪರಿಹಾರದ ಹಣವೇ ಗುರಿ. ಆ ಪರಿಹಾರ ನಿಗದಿಪಡಿಸುವಾಗ ಮಾನಸಿಕ ಯಾತನೆ, ಆಸ್ಪತ್ರೆ ಖರ್ಚು, ಕಳೆದುಕೊಂಡ ಉದ್ಯೋಗಾವಕಾಶ ಇವನ್ನೆಲ್ಲ ಪರಿಗಣಿಸಬೇಕೆಂದು ಪಾಶ್ ಕಾಯ್ದೆಯೇ ಹೇಳುತ್ತದೆ.

ಕಿರುಕುಳ ನಡೆಯಿತೆಂದು ನೋಟಿಸ್ ಪೀರಿಯಡ್ ತಾನಾಗಿ ರದ್ದಾಗುವುದಿಲ್ಲ. ಮನ್ನಾ ಮಾಡಿ ಎಂದು ಇ-ಮೇಲ್‌ನಲ್ಲಿ ಕೇಳಿ. ಬಾಕಿ ಸಂಬಳ ರಾಜೀನಾಮೆಯ ಬಳಿಕ ಎರಡು ಕೆಲಸದ ದಿನಗಳಲ್ಲಿ ಕೊಡಬೇಕೆನ್ನುತ್ತದೆ ವೇತನ ಸಂಹಿತೆ. ಪಿಎಫ್ ನಿಮ್ಮದೇ ದುಡ್ಡು. ಐದು ವರ್ಷ ದುಡಿದಿದ್ದರೆ ಗ್ರ್ಯಾಚುಟಿಯೂ ಬರಬೇಕು. ದೂರು ಹಿಂತೆಗೆದುಕೊಂಡರೆ ಸೆಟಲ್‌ಮೆಂಟ್ ಬೇಗ ಮಾಡುತ್ತೇವೆ ಎಂದರೆ ಒಪ್ಪಬೇಡಿ. ಹಣವನ್ನು ಆಧಾರವಾಗಿಟ್ಟು ರಾಜಿ ಮಾಡಿಸುವುದನ್ನು ಪಾಶ್ ಕಾಯ್ದೆ ನಿಷೇಧಿಸಿದೆ. ‘ನನ್ನದು ಯಾವ ತಕರಾರೂ ಇಲ್ಲ’ ಎಂಬ ಮುದ್ರಿತ ಸಾಲಿನ ಕೆಳಗೆ ಓದದೆ ಸಹಿ ಹಾಕಬೇಡಿ.

ಲ್ಯಾಪ್‌ಟಾಪ್ ಮರಳಿಸುವ ಮೊದಲು ಕಿರುಕುಳ ಕೊಟ್ಟವನು ಕಳಿಸಿದ ಸಂದೇಶಗಳು, ಎಚ್‌ಆರ್ ಜತೆಗಿನ ಪತ್ರವ್ಯವಹಾರ, ಸಾಕ್ಷಿಗಳ ಹೆಸರು ಉಳಿಸಿಕೊಳ್ಳಿ. ಕಂಪನಿಯ ಗೋಪ್ಯ ಕಡತ ಮುಟ್ಟಬೇಡಿ. ಸಾಬೀತುಪಡಿಸಲಾಗದಿದ್ದರೆ ನಿಮಗೇ ಶಿಕ್ಷೆ ಎಂದು ಹೆದರಿಸುವವರಿದ್ದಾರೆ. ಸಾಬೀತಾಗದ ಮಾತ್ರಕ್ಕೆ ದೂರು ಸುಳ್ಳೆನಿಸುವುದಿಲ್ಲ ಎಂದು ಕಾಯ್ದೆಯಲ್ಲೇ ಇದೆ. ಭಾರತೀಯ ನ್ಯಾಯ ಸಂಹಿತೆಯ 75ನೇ ಸೆಕ್ಷನ್ ಅಡಿ ಪೊಲೀಸರಿಗೂ ದೂರು ಕೊಡಬಹುದು. ಮೂರು ತಿಂಗಳ ಗಡುವು ಅಲ್ಲಿಗೆ ಅನ್ವಯಿಸುವುದಿಲ್ಲ. ವಕೀಲರ ಶುಲ್ಕದ ಚಿಂತೆ ಇದ್ದರೆ 15100ಕ್ಕೆ ಕರೆ ಮಾಡಿ. ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಪಡೆಯಲು ಮಹಿಳೆಯರಿಗೆ ಆದಾಯದ ಮಿತಿ ಇಲ್ಲ.